ವ್ಯಾಯಾಮಾಚಾರ್ಯ ಕೆ. ವಿ. ಅಯ್ಯರ್‌ರವರು

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹಳೆಯ ಮದರಾಸು ರಸ್ತೆಯಲ್ಲಿ ದೇವರಾಯಸಮುದ್ರವೆಂಬ ಗ್ರಾಮವೊಂದುಂಟು. ಬಂಗಾರಪೇಟೆ ಹಾಗೂ ಚಿನ್ನದ ಗಣಿಗಳ ಪ್ರಾಂತಕ್ಕೆ ಅದು ದೂರವೇನಲ್ಲ. ಉತ್ತರ ದಿಕ್ಕಿನಲ್ಲಿ ಕೆಲವೇ ಹರಿದಾರಿಗಳ ಅಂತರದಲ್ಲಿದೆ. ದೇಹಸಾಧನೆಯನ್ನು ಒಂದು ಶಾಸ್ತ್ರವೆಂಬಂತೆ ಬೋಧಿಸಿ, ಕನ್ನಡದ ಕಾದಂಬರಿಕಾರರಾಗಿಯೂ ಕೀರ್ತಿಶೇಷರಾದ ಪ್ರೊಫೆಸರ್ ಕೆ. ವಿ. ಅಯ್ಯರ್‌ರವರು ಹತ್ತೊಂಬತ್ತನೆಯ ಶತಮಾನದ ಕಡೆಯ ವರ್ಷಗಳಲ್ಲಿ ಜನ್ಮ ತಳೆದುದು ಈ ಗ್ರಾಮದಲ್ಲಿ. ವೆಂಕಟೇಶ ಅಯ್ಯರ್ ಎಂಬುದು ಅವರ ಹೆಸರು. ಕನ್ನಡ, ತೆಲುಗು, ತಮಿಳುಗಳು ಮೂರೂ ಒಂದೇ ಸಂತೆಯಲ್ಲಿ ಕಿವಿಗೆ ಬೀಳುವ ನಮ್ಮ ಸೀಮೆಯಲ್ಲಿ ಇಂತಹ ಹೆಸರು ಯಾರಿಗೂ ಹೊಸದಾಗಿ ತೋರದು.

ಅವರು ಹುಟ್ಟುವ ವೇಳೆಗೆ ಗಣಿಗಳಲ್ಲಿ ೧೮೮೦ರಿಂದ ಮೊದಲಾದ ಹೊಸ ಕ್ರಮದ ಕೆಲಸವು ಭರದಿಂದ ಸಾಗಿದ್ದಿತು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಅಲ್ಲಿಗೆ ಬಂದು ಮುಟ್ಟಿತು. ಸಹಸ್ರಾರು ಮಂದಿ ದುಡಿಮೆಗಾರರು ದಿನದಿನವೂ ಭೂಗರ್ಭಕ್ಕಿಳಿದು ಚಿನ್ನವನ್ನು ಮೇಲಕ್ಕೆ ಕಳುಹಿಸುತ್ತಿದ್ದರು. ಕಲ್ಲಿನ ಧೂಳು ಅವರ ಶ್ವಾಸಕೋಶಗಳಲ್ಲಿ ನಿಲ್ಲುತ್ತಿದ್ದಿತು. ಬಂಡೆಯಿಂದ ಬಂಗಾರವನ್ನು ತೆಗೆಯುವುದಕ್ಕಾಗಿ ಮನುಷ್ಯರ ದೇಹಗಳು ಸವೆಯುತ್ತಿದ್ದ ಜಿಲ್ಲೆಯಲ್ಲಿ, ಆ ದೇಹವೇ ಬಂಗಾರವೆಂದು ಬಗೆದವರೊಬ್ಬರು ಹುಟ್ಟಿದರೆಂಬುದನ್ನು ನೆನೆದಾಗಲೆಲ್ಲ ನನಗೆ ಆಶ್ಚರ್ಯವಾಗುವುದು.

ಆ ಕಾಲಕ್ಕೆ ನಮ್ಮ ನಾಡಿನಲ್ಲಿ ವ್ಯಾಯಾಮವೆಂದರೆ ಗರಡಿಯ ಸಾಮು. ಕೆಮ್ಮಣ್ಣಿನ ಮಟ್ಟಿ, ದಂಡೆ, ಬಸ್ಕಿ, ಗದೆ, ಇವುಗಳ ಮೇಲೆ ಉಸ್ತಾದನ ಕಣ್ಣು. ಅತ್ತ ಪಶ್ಚಿಮ ದೇಶಗಳಲ್ಲಿ ಹೆಸರಾಗಿದ್ದ ಸ್ಯಾಂಡೋ ಎಂಬ ಮಲ್ಲನು ೧೯೦೪-೦೫ರಲ್ಲಿ ಹಿಂದೂಸ್ಥಾನದಲ್ಲಿ ಸಂಚಾರ ಮಾಡಿದನು. ಇತ್ತ ಕೋಡಿ ರಾಮಮೂರ್ತಿ ನಾಯುಡುಗಳು ತಮ್ಮ ಬಲಪ್ರದರ್ಶನಗಳಿಂದ ತರುಣರ ಮನಸ್ಸನ್ನು ಸೂರೆಗೊಂಡರು. ಡಂಬೆಲ್, ಬಾರ್‌ಬೆಲ್ ಎಂಬ ಉಕ್ಕಿನ ಭಾರಗಳು ಪಟ್ಟಣಗಳಿಗೆ ಬಂದುವು. ಗರಡಿಯನ್ನೂ ಬಿಡದೆ, ಈ ಹೊಸ ಉಪಕರಣಗಳನ್ನೂ ತಿರಸ್ಕರಿಸದೆ, ಎರಡನ್ನೂ ಹೊಂದಿಸಬಹುದೆಂಬ ಸಂಕಲ್ಪದಿಂದ ಅಯ್ಯರ್‌ರವರು ೧೯೨೨ರಲ್ಲಿ ಬೆಂಗಳೂರಿನಲ್ಲಿ ತಮ್ಮ ವ್ಯಾಯಾಮಶಾಲೆಯನ್ನು ಆರಂಭಿಸಿದರು. ಗ್ರೀಕ್ ಪುರಾಣದ ಮಹಾಬಲನ ಹೆಸರನ್ನು ಹೊತ್ತು ಹರ್ಕ್ಯುಲಸ್ ವ್ಯಾಯಾಮಶಾಲೆಯೆಂದು ಅದು ಪ್ರಸಿದ್ಧವಾಯಿತು.

ಅವರು ಮೊದಲು ಲೋಕಕ್ಕೆ ತೋರಿಸಿದುದು ತಮ್ಮ ದೇಹವನ್ನೇ. ಗ್ರೀಕ್ ಶಿಲ್ಪಗಳ ಭಂಗಿಯಲ್ಲಿ ನಿಂತು ತೆಗೆಸಿಕೊಂಡ ಅವರ ಛಾಯಾಚಿತ್ರಗಳು ವಿದೇಶದ ವ್ಯಾಯಾಮ ಪತ್ರಿಕೆಗಳಲ್ಲಿಯೂ ಪ್ರಕಟವಾದುವು. ೧೯೩೦ರಲ್ಲಿ ಅವರು ಮಾಂಸಖಂಡಗಳ ಸಾಧನೆಯನ್ನು ಕುರಿತು ಇಂಗ್ಲಿಷಿನಲ್ಲಿ ‘ಮಸಲ್ ಕಲ್ಟ್’ ಎಂಬ ಪುಸ್ತಕವನ್ನು ಹೊರತಂದರು. ಪಾಠಶಾಲೆಯಲ್ಲಿ ವ್ಯಾಕರಣ ತರ್ಕಗಳನ್ನು ಓದಿ ಬೆಳೆದ ನನ್ನಂತಹವನಿಗೆ ಆ ಚಿತ್ರಗಳನ್ನು ಮೊದಲು ಕಂಡಾಗ ಸಂಕೋಚವೇ ಆಯಿತೆಂದು ಒಪ್ಪಿಕೊಳ್ಳಬೇಕು. ತನ್ನ ಚೆಲುವನ್ನು ತಾನೇ ಮೆರೆಸುವವನು ಆಚಾರ್ಯನೆನಿಸುವುದೆಂತು ಎಂದು ಮನಸ್ಸು ಕೇಳಿತು. ಅವರ ಮಾತಿನಲ್ಲಿ ಸ್ವಪ್ರಶಂಸೆಯೂ ಇಲ್ಲದಿರಲಿಲ್ಲ. ಹಿಂದೂಸ್ಥಾನದಲ್ಲೆಲ್ಲ ತಮ್ಮ ದೇಹವೇ ಪರಿಪೂರ್ಣವೆಂದು ಸಾರಿಕೊಳ್ಳಲು ಅವರು ಹಿಂದೆಗೆಯಲಿಲ್ಲ. ಆದರೆ ಇನ್ನೊಂದು ವಿಷಯವನ್ನೂ ವಿಚಾರಿಸಬೇಕು. ಬಡಕಲು ಮೈಯೇ ನಮ್ಮ ಜನದ ಹಣೆಯಬರಹವೆಂದು ಆಳುವವರೂ ಆಳಿಸಿಕೊಳ್ಳುವವರೂ ನಂಬಿದ್ದ ದಿನಗಳವು. ಅಂತಹ ದಿನಗಳಲ್ಲಿ ವಾದಮಾಡುವುದಕ್ಕಿಂತ ತನ್ನ ಮೈಯನ್ನೇ ಪ್ರಮಾಣವಾಗಿ ಮುಂದಿಡುವುದು ಹೆಚ್ಚು ಫಲಕಾರಿಯೆಂದು ಅವರಿಗೆ ತೋರಿದ್ದರೆ ಅದನ್ನು ಬರಿಯ ಗರ್ವವೆನ್ನಲಾಗದು.

ಅವರ ಕಾರ್ಯಗಳಲ್ಲಿ ನನ್ನನ್ನು ಬಹಳವಾಗಿ ಚಿಂತೆಗೆ ಹಚ್ಚಿದುದು ಅಂಚೆಯ ಮೂಲಕ ಅವರು ನಡೆಸಿದ ಪಾಠ. ಗುರುವಿನ ಸನ್ನಿಧಿಯಲ್ಲಿ ಕುಳಿತು, ಅವನ ಬಾಯಿಂದ ಬಂದುದನ್ನು ಕಿವಿಯಲ್ಲಿ ತುಂಬಿಕೊಂಡು, ತಪ್ಪಿದಲ್ಲಿ ತಿದ್ದಿಸಿಕೊಳ್ಳುವುದೇ ನಾವು ಬಲ್ಲ ವಿದ್ಯಾಕ್ರಮ. ಅಕ್ಷರವಿದ್ಯೆಗೇ ಹೀಗಿರುವಾಗ ಅಂಗವಿದ್ಯೆಗೆ ಗುರುವಿನ ಕಣ್ಣು ಇನ್ನೆಷ್ಟು ಅವಶ್ಯ! ಆದರೂ ಅಯ್ಯರ್‌ರವರು ತಾವು ಎಂದೂ ಕಾಣದ ಶಿಷ್ಯರಿಗೆ, ದೇಶಾಂತರಗಳಲ್ಲಿದ್ದವರಿಗೂ ಸಹ, ಪತ್ರಮುಖೇನ ಸಾಧನಕ್ರಮವನ್ನು ಕಳುಹಿಸುತ್ತಿದ್ದರು. ಇಂತಹ ಬೋಧನೆಯಲ್ಲಿ ಶಿಷ್ಯನು ತನ್ನ ವಯಸ್ಸು, ತೂಕ, ಎದೆ ತೋಳುಗಳ ಸುತ್ತಳತೆ, ಹಿಂದಿನ ರೋಗರುಜಿನಗಳು, ಊಟ ನಿದ್ರೆಗಳ ರೀತಿ, ಇವನ್ನೆಲ್ಲ ಮರೆಮಾಚದೆ ಬರೆದು ತಿಳಿಸಬೇಕಾಗುವುದು. ಗುರುವು ಆ ಹಾಳೆಯ ಮೇಲಿನ ಅಂಕಿಗಳಿಂದಲೇ ಒಂದು ಜೀವಂತ ದೇಹವನ್ನು ಮನಸ್ಸಿನಲ್ಲಿ ಕಟ್ಟಿಕೊಂಡು, ಈತನಿಗೆ ಇಷ್ಟು ತಡೆದೀತು, ಇದಕ್ಕಿಂತ ಹೆಚ್ಚಾದರೆ ಕೆಡುಕೆಂದು ಗೊತ್ತುಮಾಡಬೇಕಾಗುವುದು. ನಾನು ಓದಿದ ಪಾಠಶಾಲೆಯಲ್ಲಿ ವರ್ಷಗಟ್ಟಲೆ ಕಣ್ಣೆದುರಿಗೇ ಕುಳಿತಿದ್ದ ಹುಡುಗನ ಹಸಿವನ್ನು ಅರಿಯದೆ ಗದರಿಸಿದವರೂ ಉಂಟು. ಸನ್ನಿಧಿಯೊಂದೇ ಗುರುತ್ವವನ್ನು ಕೊಡದೆಂಬುದನ್ನು ಈ ವ್ಯಾಯಾಮಾಚಾರ್ಯರ ಚರಿತ್ರೆಯಿಂದ ತಡವಾಗಿಯಾದರೂ ಕಲಿತೆನು.

ಯೋಗದ ವಿಷಯದಲ್ಲಿಯೂ ಅವರ ಪಾತ್ರವು ಸಣ್ಣದಲ್ಲ. ಬೆಂಗಳೂರಿನ ಸುಂದರಂರವರೊಡನೆ ಕೂಡಿ ಅವರು ಭಾಷಣ ಪ್ರದರ್ಶನಗಳನ್ನು ನಡೆಸುತ್ತಿದ್ದರು. ಸುಂದರಂರವರು ಆಸನಗಳನ್ನೂ ಅಯ್ಯರ್‌ರವರು ಸ್ನಾಯುಬಲವನ್ನೂ ತೋರಿಸುವುದು ವಾಡಿಕೆ. ಔಂಧದ ರಾಜರು ಪ್ರಚಾರಕ್ಕೆ ತಂದಿದ್ದ ಸೂರ್ಯನಮಸ್ಕಾರವನ್ನು ಕುರಿತು ಅಯ್ಯರ್‌ರವರು ೧೯೩೭ರಲ್ಲಿ ಪುಸ್ತಕವೊಂದನ್ನು ಬರೆದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವರ ಹಿರಿಯ ಶಿಷ್ಯರಾದ ಅನಂತರಾಯರು ವ್ಯಾಯಾಮವನ್ನು ಕಲಿಸುತ್ತಿದ್ದರು. ಅದೇ ಅರಮನೆಯಲ್ಲಿ ತಿರುಮಲೆ ಕೃಷ್ಣಮಾಚಾರ್ಯರ ಯೋಗಶಾಲೆಯೂ ನಡೆಯುತ್ತಿದ್ದಿತು. ಅಲ್ಲಿಗೆ ೧೯೩೪ರಲ್ಲಿ ಬಂದು ಸೇರಿದ ರೋಗಪೀಡಿತ ಬಾಲಕನೊಬ್ಬನು ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನವನು, ಮುಂದೆ ಬಿ. ಕೆ. ಎಸ್. ಅಯ್ಯಂಗಾರ್ ಎಂದು ಜಗತ್ತೇ ತಿಳಿದ ಯೋಗಾಚಾರ್ಯರು ಅವರೇ. ಒಂದೇ ಜಿಲ್ಲೆಯ ಇಬ್ಬರ ವಿದ್ಯೆಗಳು ಹೀಗೆ ಒಂದೇ ಅರಮನೆಯ ನೆರಳಿನಲ್ಲಿ ಅಕ್ಕಪಕ್ಕದಲ್ಲಿದ್ದುವು.

೧೯೪೦ರಲ್ಲಿ ಮಹಾರಾಜರ ನೆರವಿನಿಂದ ಬೆಂಗಳೂರಿನ ಈಗಿನ ಜೆ. ಸಿ. ರಸ್ತೆಯಲ್ಲಿ ಅವರ ವ್ಯಾಯಾಮಶಾಲೆಗೆ ಸ್ವಂತ ಕಟ್ಟಡವಾಯಿತು. ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರವರು ಅದೇ ವರ್ಷ ಆಗಸ್ಟ್ ೩ರಂದು ಸ್ವರ್ಗಸ್ಥರಾದರು.

ದೇಹವನ್ನು ಬೆಳೆಸುವವರಿಗೆ ಸಾಹಿತ್ಯವು ಒಲಿಯದೆಂಬ ಲೋಕೋಕ್ತಿಯನ್ನು ಅಯ್ಯರ್‌ರವರು ಸುಳ್ಳುಮಾಡಿದರು. ನಾಟಕಕಾರ ಟಿ. ಪಿ. ಕೈಲಾಸಂರವರೊಡನೆ ಅವರದು ಗಾಢವಾದ ಸ್ನೇಹ. ಒಬ್ಬರು ದಿನಚರಿಯ ಕಟ್ಟುಪಾಡಿಗೆ ಹೆಸರಾದವರು. ಇನ್ನೊಬ್ಬರು ಯಾವ ಕಟ್ಟುಪಾಡಿಗೂ ಒಳಪಡದವರು. ಈ ಸ್ನೇಹವು ೧೯೪೬ರಲ್ಲಿ ಕೈಲಾಸಂರವರು ಕಣ್ಮರೆಯಾಗುವವರೆಗೂ ಬಾಡಲಿಲ್ಲ. ಮಿತ್ರರ ಸ್ಮರಣೆಗಳನ್ನು ಅಯ್ಯರ್‌ರವರೇ ಬರೆದಿಟ್ಟರು. ರಂಗಭೂಮಿಯಲ್ಲಿ ‘ರವಿ ಕಲಾವಿದರು’ ಎಂಬ ಹವ್ಯಾಸಿ ಮಂಡಲಿಯೊಡನೆ ಅವರ ಹೆಸರು ಸೇರಿಕೊಂಡಿದೆ. ವಿಷ್ಣುವರ್ಧನನ ಪಟ್ಟಮಹಿಷಿಯಾಗಿ, ನಾಟ್ಯಸರಸ್ವತಿಯಾಗಿ ಮೆರೆದು ಶಿವಗಂಗೆಯಲ್ಲಿ ದೇಹವಿಟ್ಟ ಶಾಂತಲೆಯನ್ನು ಕುರಿತ ಅವರ ಕಾದಂಬರಿಯನ್ನು ಮನೆಮನೆಗಳಲ್ಲಿ ಓದಿದರು.

ಆದರೆ ಅವರ ಅಂತರಂಗವನ್ನು ಅರಿಯಬೇಕೆನ್ನುವವರು ‘ರೂಪದರ್ಶಿ’ಯನ್ನು ಓದಬೇಕೆಂದು ನನ್ನ ಅಭಿಪ್ರಾಯ. ಇಟಲಿ ದೇಶದ ಚಿತ್ರಕಾರನೊಬ್ಬನು ಬಾಲಯೇಸುವಿನ ಚಿತ್ರಕ್ಕಾಗಿ ನಿಷ್ಕಳಂಕವಾದ ಮುಖವನ್ನರಸಿ ಒಬ್ಬ ಬಾಲಕನನ್ನು ಕಾಣುತ್ತಾನೆ. ವರ್ಷಗಳು ಕಳೆದ ಮೇಲೆ, ಗುರುದ್ರೋಹಿಯಾದ ಜೂದಾಸನ ಚಿತ್ರಕ್ಕಾಗಿ ಪಾಪವೇ ಮೂರ್ತಿವೆತ್ತಂತಹ ಮುಖವನ್ನು ಹುಡುಕುತ್ತ ಹೊರಟವನಿಗೆ ದೊರೆಯುವವನು ಅದೇ ಬಾಲಕ, ಈಗ ದುಷ್ಟಜೀವನದಿಂದ ಗುರುತೇ ಸಿಕ್ಕದಂತಾದವನು. ಕಥೆಯ ಬೀಜವು ಪರದೇಶದ್ದಾದರೂ ಅದನ್ನು ಕನ್ನಡದಲ್ಲಿ ಬಿತ್ತಿದ ಕೈ ಯಾವುದೆಂಬುದನ್ನು ಗಮನಿಸಬೇಕು. ಆಯುಷ್ಯವನ್ನೆಲ್ಲ ರೂಪದ ಉಪಾಸನೆಗೆ ಮುಡಿಪಿಟ್ಟು, ತಾನೇ ಪ್ರತಿಮೆಯಂತೆ ನಿಂತು ಚಿತ್ರ ತೆಗೆಸಿಕೊಂಡವರು, ರೂಪವು ಒಳಗಿನಿಂದ ಕೊಳೆಯುವ ಪರಿಯನ್ನು ಇಷ್ಟೊಂದು ಕನಿಕರದಿಂದ ಬರೆದರು. ಪೂರ್ವದಲ್ಲಿ ನನಗುಂಟಾಗಿದ್ದ ಸಂಕೋಚವು ಈ ಗ್ರಂಥವನ್ನು ಮುಗಿಸಿದ ರಾತ್ರಿ ಹೋಯಿತು.

ಅಯ್ಯರ್‌ರವರು ೧೯೮೦ರ ಜನವರಿ ತಿಂಗಳಲ್ಲಿ, ಎಂಬತ್ತು ವರ್ಷಗಳನ್ನು ದಾಟಿದ ತುಂಬು ಪ್ರಾಯದಲ್ಲಿ, ದಿವಂಗತರಾದರು. ಚಿನ್ನದ ಗಣಿಗಳು ೨೦೦೧ರಲ್ಲಿ ಮುಚ್ಚಿದುವು. ದೇವರಾಯಸಮುದ್ರದ ಮುಂದಿನ ಹೆದ್ದಾರಿಯಲ್ಲಿ ವಾಹನಗಳು ಈಗಲೂ ಹಗಲಿರುಳು ಸಂಚರಿಸುತ್ತಿವೆ.