ಮಹಾದೇವಿಯು ಅಕ್ಕನಾದುದು

ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ ಎಂಬ ಮೂವರು ಆಂಜನೇಯರ ದರ್ಶನವನ್ನು ಒಂದೇ ದಿನದಲ್ಲಿ ಮಾಡಿಬರುವ ಪದ್ಧತಿಯು ಬ್ಯಾಡಗಿ ಸೀಮೆಯ ಮನೆಮನೆಗೂ ತಿಳಿದುದೇ ಆಗಿದೆ. ಆ ಶಿಕಾರಿಪುರದ ತಾಲ್ಲೂಕಿನಲ್ಲಿಯೇ, ಶಿರಾಳಕೊಪ್ಪದ ಸಮೀಪದಲ್ಲಿ, ಉಡುತಡಿಯೆಂಬ ಗ್ರಾಮವಿದೆ. ೧೨ನೆಯ ಶತಮಾನದಲ್ಲಿ ಮಹಾದೇವಿಯು ಜನಿಸಿದುದು ಅಲ್ಲಿ.

ವಿವಾಹವಾದೊಡನೆ ಹೆಣ್ಣಿನ ಹೆಸರಿನ ಹಿಂದುಮುಂದೆಲ್ಲವೂ ಬದಲಾಗುವುದು ಲೋಕರೂಢಿ. ಲಗ್ನಪತ್ರಿಕೆಯಲ್ಲಿ ಚಿ. ಸೌ. ಆಗಿದ್ದವಳು ಮರುದಿನ ಶ್ರೀಮತಿಯಾಗುತ್ತಾಳೆ. ಕಾಗದಪತ್ರಗಳಲ್ಲಿ ಅವಳ ಹೆಸರಿನ ಮುಂದೆ ಕೋಂ ಎಂದು ಬರೆದು ಗಂಡನ ಹೆಸರನ್ನು ಸೇರಿಸುತ್ತಾರೆ. ಗಂಡನ ಮನೆಯನ್ನು ಬಿಟ್ಟು ಬಂದವಳನ್ನು ಏನೆಂದು ಕರೆಯಬೇಕೆಂಬುದಕ್ಕೆ ಮಾತ್ರ ಊರ ನಾಲಗೆಯಲ್ಲಿ ಗೌರವದ ಶಬ್ದವೊಂದು ಸುಲಭವಾಗಿ ಸಿಕ್ಕುವುದಿಲ್ಲ. ಮಹಾದೇವಿಯ ಚರಿತ್ರೆಯನ್ನು ಈ ದೃಷ್ಟಿಯಿಂದ ಓದಿದವರು ವಿರಳ.

ಉಡುತಡಿಯ ಅರಸನಾದ ಕೌಶಿಕನು ಭವಿ. ಅವನು ಮಹಾದೇವಿಯ ರೂಪಕ್ಕೆ ಮರುಳಾಗಿ ಅವಳನ್ನು ಬೇಡಿದನು. ಒಪ್ಪದಿದ್ದರೆ ತಾಯಿತಂದೆಗಳ ಪ್ರಾಣಕ್ಕೇ ಸಂಚಕಾರವೊದಗಿತ್ತು. ೧೫ನೆಯ ಶತಮಾನದ ಚಾಮರಸನು ತನ್ನ ಪ್ರಭುಲಿಂಗಲೀಲೆಯಲ್ಲಿ ಈ ವಿವಾಹವು ನಡೆಯಲೇ ಇಲ್ಲವೆಂದು ಹೇಳುತ್ತಾನೆ. ಅವನಿಗಿಂತ ಬಹು ಹಿಂದಿನವನಾದ ಹರಿಹರನಾದರೋ ತನ್ನ ರಗಳೆಯಲ್ಲಿ ವಿವಾಹವಾಯಿತೆಂದೇ ಒಪ್ಪಿ ಮುಂದುವರಿಯುತ್ತಾನೆ. ಮದುವೆಯಾಗಿದ್ದರೆ ಅಕ್ಕನಿಗೆ ಕುಂದು ತಟ್ಟೀತೆಂಬ ಅಂಜಿಕೆ ಹರಿಹರನಿಗಿಲ್ಲ. ಈ ವಿಷಯದಲ್ಲಿ ಅವನ ಧೈರ್ಯವೇ ಮೆಚ್ಚತಕ್ಕದ್ದು. ಶಿವಪೂಜೆ, ಗುರುಸೇವೆ, ಮಾಹೇಶ್ವರರ ಸಂಗ ಇವುಗಳಿಗೆ ಅರಸನು ಅಡ್ಡಿಬರಬಾರದೆಂದು ಅವಳು ನಿಬಂಧನೆ ಹಾಕಿದಳು. ಮೂರು ತಪ್ಪುಗಳನ್ನು ಸೈರಿಸುವೆನೆಂದು ಅವಧಿಯನ್ನೂ ಗೊತ್ತುಮಾಡಿದಳು. ಮೂರನೆಯ ಸಲವೂ ಅವನು ಮಾತಿಗೆ ತಪ್ಪಲು, ವಸ್ತ್ರಾಭರಣಗಳೊಡನೆ ಅರಸಿಯೆಂಬ ಹೆಸರನ್ನೂ ಅರಮನೆಯಲ್ಲಿಯೇ ಬಿಟ್ಟು ಹೊರಟಳು. ತವರುಮನೆಗೂ ಮರಳಲಿಲ್ಲ.

ಮುಂದೆ ಅವಳ ಮಾತಿಗೆಲ್ಲ ಮುದ್ರೆಯಾದುದು ಚೆನ್ನಮಲ್ಲಿಕಾರ್ಜುನನೆಂಬ ಅಂಕಿತ. ಶ್ರೀಶೈಲದ ಮಲ್ಲಿಕಾರ್ಜುನನೇ ತನ್ನ ಪತಿಯೆಂದು ಅವಳು ತಾನಾಗಿ ವರಿಸಿದಳು. ಆ ಕಾಲದ ಅನೇಕ ಶರಣೆಯರು ಪತಿಯ ಮೂಲಕ ಪ್ರಸಿದ್ಧರು. ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆಯನ್ನು ಸಂಪ್ರದಾಯವು ಹಾಗೆಯೇ ಸ್ಮರಿಸುತ್ತದೆ. ಆಯ್ದಕ್ಕಿ ಲಕ್ಕಮ್ಮನ ಅಂಕಿತದಲ್ಲಿಯೇ ಗಂಡನಾದ ಮಾರಯ್ಯನ ಹೆಸರು ಸೇರಿದೆ. ಇದನ್ನು ದಾಸ್ಯವೆಂದು ತಿಳಿಯಲಾಗದು. ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡನನ್ನು ತಿದ್ದಿ ಹಿಂದಕ್ಕೆ ಕಳುಹಿಸಿದ ಲಕ್ಕಮ್ಮನು ಮನಸಾರೆ ಇಟ್ಟುಕೊಂಡ ಹೆಸರದು. ಇತ್ತ ಮುಕ್ತಾಯಕ್ಕನು ಅಣ್ಣನಾದ ಅಜಗಣ್ಣನ ಹೆಸರನ್ನೇ ಅಂಕಿತ ಮಾಡಿಕೊಂಡಳು. ಯಾರ ಹೆಸರನ್ನು ಹಿಡಿಯಬೇಕೆಂಬುದು ಶರಣೆಯರಲ್ಲಿ ಒಂದೇ ಕಟ್ಟಳೆಯಾಗಿರಲಿಲ್ಲ.

ಕಲ್ಯಾಣದಲ್ಲಿ ಮಹಾದೇವಿಯನ್ನು ಮೊದಲು ಎದುರಿಸಿದ ಪ್ರಶ್ನೆಯೂ ಇದೇ. ಅನುಭವಮಂಟಪದಲ್ಲಿ ಅಲ್ಲಮಪ್ರಭುವು, ಅವಳ ಪತಿಯಾರೆಂಬುದನ್ನು ತಿಳಿಸಿದ ಹೊರತು ಕುಳ್ಳಿರಲು ಎಡೆಯಿಲ್ಲವೆಂದು ತಡೆದನೆಂಬುದು ಶೂನ್ಯಸಂಪಾದನೆಯಲ್ಲಿ ಬರುತ್ತದೆ. ತುಂಬಿದ ಸಭೆ; ಏಕಾಕಿಯಾದ ತರುಣಿ; ಬಿಟ್ಟುಬಂದ ಗಂಡನು ಊರಿಗೆ ಅರಸ. ಅವಳು ಕೌಶಿಕನ ಹೆಸರನ್ನು ಆಸರೆ ಮಾಡಿಕೊಳ್ಳಲಿಲ್ಲ, ಅವನನ್ನು ದೂರಿ ಕನಿಕರವನ್ನೂ ಬೇಡಲಿಲ್ಲ. ತಾನು ವರಿಸಿದ ಚೆನ್ನಮಲ್ಲಿಕಾರ್ಜುನನನ್ನೇ ಪತಿಯೆಂದು ತಿಳಿಸಿದಳು. ಪ್ರಭುವು ಬಿಡಲಿಲ್ಲ, ಕೇಶದಿಂದ ಮೈ ಮುಚ್ಚಿಕೊಂಡುದೇಕೆಂದು ಕೆಣಕಿದನು. ಅವಳು ಅದಕ್ಕೂ ಅಳುಕದೆ ಉತ್ತರವಿತ್ತಳು. ಕಡೆಗೆ ಪ್ರಭುವೇ ಅವಳ ನಿಲುವಿಗೆ ತಲೆದೂಗಿದನು.

ವಯಸ್ಸಿನಲ್ಲಿ ಕಿರಿಯಳಾದವಳು ಅಲ್ಲಿ ಎಲ್ಲರಿಗೂ ಅಕ್ಕನಾದಳು. ಅಕ್ಕನೆಂಬುದು ಒಡಹುಟ್ಟಿದವರ ಮಾತು. ಮದುವೆಯಾಗದವಳಿಗೂ, ಮುತ್ತೈದೆಗೂ, ಗಂಡನಿಲ್ಲದವಳಿಗೂ, ಗಂಡನನ್ನು ತೊರೆದವಳಿಗೂ ಸಮನಾಗಿ ಒಪ್ಪುವ ಮಾತು. ಅಂಕಿತವನ್ನು ಅವಳು ತಾನೇ ಆರಿಸಿಕೊಂಡಳು, ಈ ಬಿರುದನ್ನು ಶರಣರು ಕೊಟ್ಟರು. ಹಲವು ಹಿರಿಯರ ಅನೇಕ ವಚನಗಳಿಗೆ ಅವಳ ಒಂದು ವಚನವನ್ನು ಸರಿದೂಗಿಸಿದ ಚೆನ್ನಬಸವಣ್ಣನು ಬಹುವಚನದಿಂದ ಅವಳನ್ನು ಅಕ್ಕಗಳೆಂದೇ ಕರೆದನು.

ಕೌಶಿಕನು ಶಿವಭಕ್ತರ ವೇಷ ತಾಳಿ ಶ್ರೀಶೈಲದವರೆಗೂ ಬಂದು ಅವಳನ್ನು ಮರಳಿ ಕರೆದನೆಂದು ಹರಿಹರನು ಹೇಳುತ್ತಾನೆ. ಅವಳು ಒಪ್ಪಲಿಲ್ಲ. ತಾಯಿತಂದೆಗಳು ಬಂದು ಕಣ್ಣೀರಿಟ್ಟಾಗಲೂ ನಿಲುವನ್ನು ಸಡಿಲಿಸಲಿಲ್ಲ. ಶ್ರೀಶೈಲದ ಕದಳಿಯಲ್ಲಿ ಅವಳು ಐಕ್ಯಳಾದಳೆಂಬುದು ಶರಣರ ನಂಬಿಕೆ. ಕೃಷ್ಣಾನದಿಯ ದಡದ ಅಲ್ಲಿನ ಗುಹೆಯೊಂದನ್ನು ತೆಲುಗರೂ ಅಕ್ಕಮಹಾದೇವಿಯ ಗುಹೆಯೆಂದೇ ಕರೆಯುತ್ತಾರೆ.