ಐಸಾಕ್ ವಾಲ್ಟನ್: ಗಾಳ ಹಿಡಿದ ಗದ್ಯಕಾರ

ಗಾಳ ಹಾಕಿ ಮೀನು ಹಿಡಿಯುವುದು ಸಾಹಿತ್ಯಕ್ಕೆ ವಸ್ತುವಾದೀತೆ ಎಂದು ಯಾರಾದರೂ ಕೇಳಿದರೆ ಅಚ್ಚರಿಪಡಬೇಕಾದುದಿಲ್ಲ. ಅದು ಕೆಲವರಿಗೆ ಹೊಟ್ಟೆಪಾಡಿನ ಕಸುಬು, ಮತ್ತೆ ಕೆಲವರಿಗೆ ಬಿಡುವಿನ ವಿನೋದ. ಆದರೂ ನಮ್ಮ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿಯೇ ತನ್ನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆ ಸ್ಥಾನ ಕೊಟ್ಟನು. ಅವನಿಗೆ ಅದು ರಾಜವಿನೋದಗಳಲ್ಲಿ ಒಂದು. ಐದು ಶತಮಾನಗಳ ತರುವಾಯ, ಇಂಗ್ಲೆಂಡಿನ ಒಬ್ಬ ಬಟ್ಟೆಯ ವ್ಯಾಪಾರಿ ಅದೇ ವಿಷಯವನ್ನೆತ್ತಿಕೊಂಡು ಬರೆದ ಪುಸ್ತಕವು ಆಂಗ್ಲ ಗದ್ಯದ ಚಿರಂತನ ಕೃತಿಗಳಲ್ಲೊಂದಾಯಿತು. ಆ ವ್ಯಾಪಾರಿಯೇ ಐಸಾಕ್ ವಾಲ್ಟನ್. ಅವನ ಪುಸ್ತಕದ ತಿಳಿನೀರಿನ ಅಡಿಯಲ್ಲಿ ಎಷ್ಟು ದುಃಖ ಅಡಗಿದೆಯೆಂಬುದನ್ನು ಅವನ ಬಾಳನ್ನು ಬಲ್ಲವರು ಮಾತ್ರ ಅರಿಯಬಲ್ಲರು.

ವಾಲ್ಟನ್ 1593ರಲ್ಲಿ ಸ್ಟ್ಯಾಫರ್ಡ್ ಪಟ್ಟಣದಲ್ಲಿ ಹುಟ್ಟಿದನು. ಅವನು ಇನ್ನೂ ಎಳೆಯ ಮಗುವಾಗಿರುವಾಗಲೇ ತಂದೆ ತೀರಿಕೊಂಡನು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುವ ಭಾಗ್ಯ ಅವನದಾಗಲಿಲ್ಲ. ತಾರುಣ್ಯದಲ್ಲಿಯೇ ಲಂಡನ್ನಿಗೆ ಹೋಗಿ, ವ್ಯಾಪಾರ ಕಲಿತು, 1618ರಲ್ಲಿ ವರ್ತಕರ ಸಂಘವೊಂದರ ಸದಸ್ಯನಾದನು. ಅವನು ನೆಲೆಸಿದ್ದ ಕೇರಿಯ ಚರ್ಚಿನಲ್ಲಿ 1624ರಿಂದ ಉಪದೇಶ ಮಾಡುತ್ತಿದ್ದವನು ಮಹಾಕವಿ ಜಾನ್ ಡನ್. ಅಂಗಡಿಯ ಮೊಳಕೋಲು ಹಿಡಿದ ಕೈಗೆ ಲೇಖನಿಯನ್ನು ಕೊಟ್ಟುದು ಈ ಸಹವಾಸವೇ. ಡನ್ನನ ಚರಿತ್ರೆಯನ್ನು ಬರೆಯಬೇಕೆಂದಿದ್ದ ಸರ್ ಹೆನ್ರಿ ವಾಟನ್ 1639ರಲ್ಲಿ ತೀರಿಕೊಂಡಾಗ, ಅವನಿಗಾಗಿ ಸಾಮಗ್ರಿ ಕೂಡಿಸುತ್ತಿದ್ದ ವಾಲ್ಟನ್ ತಾನೇ ಆ ಭಾರವನ್ನು ಹೊತ್ತನು. 1640ರಲ್ಲಿ ಅದು ಡನ್ನನ ಉಪದೇಶಗಳ ಸಂಪುಟದೊಡನೆ ಪ್ರಕಟವಾಯಿತು. ಮುಂದೆ ವಾಟನ್, ಹೂಕರ್, ಹರ್ಬರ್ಟ್, ಸ್ಯಾಂಡರ್ಸನ್ ಇವರ ಚರಿತ್ರೆಗಳೂ ಅವನಿಂದ ಹೊರಬಂದವು.

ಕೀರ್ತಿಯ ಬಾಗಿಲು ತೆರೆದ ಆ 1640ನೆಯ ವರ್ಷವೇ ಅವನ ಮನೆಯ ದೀಪವನ್ನು ಆರಿಸಿತು. ಮೊದಲನೆಯ ಹೆಂಡತಿ ರೇಚಲಳಲ್ಲಿ ಅವನಿಗೆ ಏಳು ಮಕ್ಕಳು ಹುಟ್ಟಿದ್ದವು; ಏಳೂ ಬಾಲ್ಯದಲ್ಲಿಯೇ ಮಣ್ಣು ಸೇರಿದವು. ಆ ವರ್ಷ ತಾಯಿಯೂ ತೀರಿಕೊಂಡಳು. ಕೆಲವು ವರ್ಷಗಳ ಮೇಲೆ ಅವನು ಆನ್ ಕೆನ್ ಎಂಬವಳನ್ನು ಮದುವೆಯಾದನು. ಅವಳಲ್ಲಿ ಹುಟ್ಟಿದ ಒಬ್ಬ ಮಗಳು, ಒಬ್ಬ ಮಗ ಉಳಿದರು. ಅವಳೂ 1662ರಲ್ಲಿ ಅವನನ್ನು ಅಗಲಿದಳು.

ಮನೆಯ ಹೊರಗೂ ನೆಮ್ಮದಿಯಿರಲಿಲ್ಲ. 1642ರಲ್ಲಿ ಅಂತರ್ಯುದ್ಧ ಹೊತ್ತಿತು. 1649ರಲ್ಲಿ ಅರಸನ ತಲೆ ಉರುಳಿತು. ವಾಲ್ಟನ್ನನ ಗೆಳೆಯರಾಗಿದ್ದ ಧರ್ಮಗುರುಗಳು ಸ್ಥಾನಭ್ರಷ್ಟರಾದರು. 1651ರಲ್ಲಿ ವೂಸ್ಟರ್ ಕಾಳಗದಲ್ಲಿ ಸೋತ ಎರಡನೆಯ ಚಾರ್ಲ್ಸ್ ಓಡಿಹೋದಾಗ ಅವನ ಲಾಂಛನದ ಆಭರಣವೊಂದು ಹಿಂದೆ ಉಳಿಯಿತು. ಅದನ್ನು ಗುಟ್ಟಾಗಿ ಲಂಡನ್ನಿಗೆ ಒಯ್ದು ಸೆರೆಯಲ್ಲಿದ್ದ ರಾಜನಿಷ್ಠ ಅಧಿಕಾರಿಯೊಬ್ಬನಿಗೆ ಮುಟ್ಟಿಸಿದವನು ಈ ಸಾಧು ವರ್ತಕನೇ. ಸಿಕ್ಕಿಬಿದ್ದಿದ್ದರೆ ಪ್ರಾಣಕ್ಕೇ ಸಂಚಕಾರ ಬರುತ್ತಿತ್ತು.

ಇಂಥ ಕಾಲದಲ್ಲಿ, 1653ರಲ್ಲಿ, ಅರವತ್ತರ ಹೊಸ್ತಿಲಲ್ಲಿ ನಿಂತು ಅವನು ಹೊರತಂದ ಗ್ರಂಥ ‘ದಿ ಕಂಪ್ಲೀಟ್ ಆ್ಯಂಗ್ಲರ್’. ಪರಿಪೂರ್ಣ ಗಾಳಗಾರ ಎಂದು ಅದರ ಅರ್ಥ. ಎರಡನೆಯ ಮುದ್ರಣದಲ್ಲಿ ಅದು ಪಡೆದ ರೂಪ ಹೀಗಿದೆ: ಮೇ ತಿಂಗಳ ಒಂದು ಮುಂಜಾನೆ ಲಂಡನ್ನಿನ ಹೊರವಲಯದಲ್ಲಿ ಒಬ್ಬ ಗಾಳಗಾರ, ಒಬ್ಬ ಬೇಟೆಗಾರ, ಒಬ್ಬ ಡೇಗೆ ಸಾಕುವವ ಜೊತೆಗೂಡುತ್ತಾರೆ, ಪ್ರತಿಯೊಬ್ಬನೂ ತನ್ನ ವಿನೋದವೇ ಮೇಲೆಂದು ವಾದಿಸುತ್ತಾನೆ, ಕೊನೆಗೆ ಬೇಟೆಗಾರನು ಗಾಳಗಾರನ ಶಿಷ್ಯನಾಗಿ ಲೀ ನದಿಯ ದಡದಲ್ಲಿ ಅಲೆಯುತ್ತಾನೆ. ನಡುನಡುವೆ ಹಾಡು, ಮಳೆ, ಹಳ್ಳಿಯ ತಂಗುಮನೆಯ ಊಟ. ಯುದ್ಧದ ಗದ್ದಲ ಆ ದಡದ ತನಕ ಬರುವುದಿಲ್ಲ.

ಆದರೆ ಇದು ಬರಿಯ ಕನಸಲ್ಲ. ಪಳಗಿದ ಕೈಯ ಶಾಸ್ತ್ರ. ಆಗಿನ ಗಾಳದ ದಾರವನ್ನು ಕುದುರೆಯ ಬಾಲದ ಕೂದಲಿನಿಂದ ಹೊಸೆಯುತ್ತಿದ್ದರು. ಕೂದಲುಗಳು ದುಂಡಾಗಿ, ಒಂದೇ ದಪ್ಪವಾಗಿರಬೇಕೆಂದು ವಾಲ್ಟನ್ ವಿಧಿಸುತ್ತಾನೆ; ಸಮವಾದವು ಒಟ್ಟಿಗೆ ಹಿಗ್ಗಿ ಒಟ್ಟಿಗೆ ಎಳೆತವನ್ನು ತಡೆಯುತ್ತವೆ, ಅಸಮವಾದವು ಒಂದೊಂದಾಗಿ ಕಡಿದು ನಂಬಿದವನನ್ನು ಮೋಸಗೊಳಿಸುತ್ತವೆ. ಅದಕ್ಕೆ ನೀರಿನ ಬಣ್ಣ ಬರುವಂತೆ ಹೊಗೆಯ ಮಸಿ, ಅಕ್ರೋಟಿನ ಎಲೆಯ ರಸ, ಪಟಿಕ ಇವನ್ನು ಮದ್ಯದಲ್ಲಿ ಕುದಿಸಿ ಅದ್ದುವ ವಿಧಾನವನ್ನೂ ಹೇಳುತ್ತಾನೆ. ಚಬ್ ಎಂಬ ಮೀನಿನ ಪ್ರಕರಣವಂತೂ ಸೊಗಸಾದುದು. ಅದು ಮೀನುಗಳಲ್ಲೆಲ್ಲ ಪುಕ್ಕಲು. ಮೇಲೆ ಹಾರುವ ಹಕ್ಕಿಯ ನೆರಳು ಬಿದ್ದರೂ ತಳಕ್ಕಿಳಿಯುತ್ತದೆ. ಬಿಸಿಲೇರಿದಾಗ ಮರದ ಮರೆಯಲ್ಲಿ ಅಲುಗದೆ ನಿಂತು, ಮಿಡತೆಯನ್ನು ಚುಚ್ಚಿದ ಗಾಳವನ್ನು ನೀರಿಗೆ ಒಂದು ಗೇಣು ಮೇಲೆ ತೂಗಬಿಟ್ಟು, ಕೋಲನ್ನು ಕೊಂಬೆಗೆ ಒರಗಿಸಬೇಕು. ಕೋಲಿನ ನೆರಳಿಗೆ ಬೆದರಿ ಮುಳುಗಿದ ಮೀನುಗಳು ಸ್ವಲ್ಪ ಹೊತ್ತಿನಲ್ಲಿ ಮತ್ತೆ ಮೇಲೇಳುತ್ತವೆ. ಆಗ ದೊಡ್ಡದೊಂದನ್ನು ಆರಿಸಿಕೊಂಡು, ಬಸವನಹುಳುವಿನಷ್ಟು ಮೆಲ್ಲಗೆ ಕೋಲನ್ನು ಸರಿಸಿ, ಅದರ ಮುಂದೆ ಮೂರು ನಾಲ್ಕು ಅಂಗುಲದಲ್ಲಿ ಮಿಡತೆಯನ್ನು ಇಳಿಬಿಡಬೇಕು. ಮೀನು ಹೇರಳವಾಗಿ ದೊರೆಯುವ ಉಪಾಯವೆಲ್ಲ ಕಾಯುವುದರಲ್ಲಿದೆಯೆಂಬುದೇ ಇಲ್ಲಿಯ ತತ್ತ್ವ.

ಈ ಸಾತ್ತ್ವಿಕನಲ್ಲಿ ಒಂದು ಕಲೆಯೂ ಉಂಟು. ಜೀವಂತ ಕಪ್ಪೆಯನ್ನು ಗಾಳಕ್ಕೆ ಪೋಣಿಸುವ ಬಗೆಯನ್ನು ವಿವರಿಸಿ, ಅದನ್ನು ಅಕ್ಕರೆಯಿಂದ ನೋಡಿಕೊಳ್ಳುವವನಂತೆ ನವಿರಾಗಿ ಮಾಡಬೇಕೆಂದು ಬುದ್ಧಿ ಹೇಳುವವನೂ ಇವನೇ. ಕಪ್ಪೆ ಹೆಚ್ಚು ಹೊತ್ತು ಬದುಕಿರಲೆಂಬುದಷ್ಟೇ ಅವನ ಎಣಿಕೆ. ಕವಿ ಬೈರನ್ ಈ ಕ್ರೌರ್ಯವನ್ನು ‘ಡಾನ್ ಹ್ವಾನ್’ ಕಾವ್ಯದಲ್ಲಿ ಕಟುವಾಗಿ ಹಳಿದನು. ಅಹಿಂಸೆಯನ್ನು ಪರಮಧರ್ಮವೆಂದು ಕೇಳಿ ಬೆಳೆದ ನಮಗೆ ಆ ಆಕ್ಷೇಪ ಸುಲಭವಾಗಿ ಅರ್ಥವಾಗುತ್ತದೆ. ವಾಲ್ಟನ್ನನನ್ನು ಮೆಚ್ಚುವವರು ಅದನ್ನು ಮುಚ್ಚಿಡಬೇಕಾದುದಿಲ್ಲ. ಒಬ್ಬ ಮನುಷ್ಯನ ಕರುಣೆಗೂ ಅವನ ಕಾಲದ ಎಲ್ಲೆಗಳಿರುತ್ತವೆ.

ಅವನ ಮುಪ್ಪಿಗೆ ಸ್ನೇಹವೇ ಊರುಗೋಲಾಯಿತು. ತನಗಿಂತ ಮೂವತ್ತೇಳು ವರ್ಷ ಕಿರಿಯನಾದ ಕವಿ ಚಾರ್ಲ್ಸ್ ಕಾಟನ್ ಡವ್ ನದಿಯ ದಡದಲ್ಲಿ 1674ರಲ್ಲಿ ಒಂದು ಪುಟ್ಟ ಮನೆ ಕಟ್ಟಿಸಿ, ಇಬ್ಬರ ಹೆಸರಿನ ಮೊದಲಕ್ಷರಗಳನ್ನು ಹೆಣೆದು ಬಾಗಿಲ ಮೇಲೆ ಕೆತ್ತಿಸಿದನು. ಎರೆಯ ಮೀನುಗಾರಿಕೆಯಲ್ಲಿ ವಾಲ್ಟನ್ ನಿಪುಣ. ಗರಿ ಕೂದಲುಗಳಿಂದ ಕಟ್ಟಿದ ಕೃತಕ ನೊಣದ ವಿದ್ಯೆಯಲ್ಲಿ ಕಾಟನ್ ಮೇಲು. ಇದನ್ನರಿತ ಹಿರಿಯನು 1676ರ ಐದನೆಯ ಮುದ್ರಣದಲ್ಲಿ ಕಿರಿಯನ ಬರಹವನ್ನೇ ಎರಡನೆಯ ಭಾಗವಾಗಿ ಸೇರಿಸಿಕೊಂಡನು. ಗ್ರಂಥವನ್ನು ಪರಿಪೂರ್ಣವೆಂದು ಕರೆದವನಿಗೆ ತನ್ನ ಅಪೂರ್ಣತೆಯೂ ಗೊತ್ತಿತ್ತು.

1683ರ ಡಿಸೆಂಬರ್ 15ರಂದು, ಕಡುಚಳಿಯ ದಿನಗಳಲ್ಲಿ, ತೊಂಬತ್ತರ ಮುದುಕನು ವಿಂಚೆಸ್ಟರಿನ ಮಗಳ ಮನೆಯಲ್ಲಿ ಕಣ್ಣು ಮುಚ್ಚಿದನು. ಅಲ್ಲಿಯ ಮಹಾದೇವಾಲಯದಲ್ಲಿ ಅವನ ಸಮಾಧಿಯಿದೆ. ಹುಟ್ಟೂರಿನ ಬಳಿಯ ಹೊಲವೊಂದರ ಆದಾಯದಿಂದ ಬಡ ಹುಡುಗರಿಗೆ ಕಸುಬು ಕಲಿಸಬೇಕು, ಚಳಿಗಾಲದಲ್ಲಿ ಬಡವರಿಗೆ ಕಲ್ಲಿದ್ದಲು ಹಂಚಬೇಕು ಎಂದು ಅವನು ಉಯಿಲಿನಲ್ಲಿ ಬರೆದಿಟ್ಟಿದ್ದನು. ತಂದೆಯಿಲ್ಲದೆ ಬೆಳೆದು, ಏಳು ಮಕ್ಕಳನ್ನು ಮಣ್ಣಿಗೊಪ್ಪಿಸಿದವನು ಊರವರ ಮಕ್ಕಳ ಬಾಳಿಗೆ ದಾರಿ ಮಾಡಿಟ್ಟು ಹೋದನು. ಗಾಳದ ಪುಸ್ತಕದಲ್ಲಿ ಅವನು ತನ್ನ ಶೋಕವನ್ನು ತೋಡಿಕೊಳ್ಳಲಿಲ್ಲ. ಶೋಕವನ್ನು ಸಹಿಸಲು ಬೇಕಾದ ತಾಳ್ಮೆಯನ್ನು ಮಾತ್ರ ಕಲಿಸಿದನು. ಮೀನು ಹಿಡಿಯದವರೂ ಆ ಪುಸ್ತಕವನ್ನು ಇಂದಿಗೂ ಓದುತ್ತಿರುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.