ಬೆಟ್ಟದ ದಾರಿಯ ಕವಿ ವರ್ಡ್ಸ್‌ವರ್ತ್

ಶಾಲೆಯ ಉತ್ಸವವೊಂದಕ್ಕೆಂದು ಬಾಲಕನೊಬ್ಬನು ಬರೆದ ಪದ್ಯವು ಮಹಾಕವಿಯೊಬ್ಬನ ಕಾವ್ಯಜೀವನಕ್ಕೆ ನಾಂದಿಯಾದ ಪ್ರಸಂಗ ಇಂಗ್ಲೆಂಡಿನ ಸಾಹಿತ್ಯಚರಿತ್ರೆಯಲ್ಲಿದೆ. ಆ ದೇಶದ ವಾಯವ್ಯ ಭಾಗದಲ್ಲಿ ಬೆಟ್ಟಗಳೂ ಸರೋವರಗಳೂ ತುಂಬಿದ ಸೀಮೆಯೊಂದುಂಟು. ಅಲ್ಲಿಯ ಹಾಕ್ಸ್‌ಹೆಡ್ ಎಂಬ ಸಣ್ಣ ಊರಿನಲ್ಲಿ ಆರ್ಚ್‌ಬಿಷಪ್ ಎಡ್ವಿನ್ ಸ್ಯಾಂಡಿಸ್ 1585ರಲ್ಲಿ ಶಾಲೆಯೊಂದನ್ನು ಸ್ಥಾಪಿಸಿದ್ದನು. 1785ರಲ್ಲಿ ಅದರ ದ್ವಿಶತಮಾನೋತ್ಸವ ನಡೆದಾಗ, ಹಿರಿಯ ವಿದ್ಯಾರ್ಥಿಗಳು ಪದ್ಯ ರಚಿಸಬೇಕೆಂದಾಯಿತು. ಹಾಗೆ ರಚಿಸಿದವರಲ್ಲಿ ಹದಿನೈದರ ಹರೆಯದ ವಿಲಿಯಂ ವರ್ಡ್ಸ್‌ವರ್ತ್ ಒಬ್ಬನು. ಆ ಪದ್ಯವು ಹಿಂದಿನ ಕವಿಗಳ ಸಪ್ಪೆ ಅನುಕರಣೆಯೆಂದು ಮುಂದೆ ಅವನೇ ಒಪ್ಪಿಕೊಂಡನು. ಆದರೆ ಬರೆಯುವ ಹವ್ಯಾಸ ಅಲ್ಲಿಂದ ಬೇರೂರಿತು.

ವರ್ಡ್ಸ್‌ವರ್ತ್ 1770ರ ಏಪ್ರಿಲ್ 7ರಂದು ಅದೇ ಸೀಮೆಯ ಕಾಕರ್‌ಮೌತ್‌ನಲ್ಲಿ ಜನಿಸಿದನು. ಎಂಟನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡು ಮರುವರ್ಷ ಹಾಕ್ಸ್‌ಹೆಡ್ ಶಾಲೆಗೆ ಬಂದನು. ಹುಡುಗರು ಊರಿನ ಮನೆಗಳಲ್ಲಿ ತಂಗಿ ಓದುವುದು ಅಲ್ಲಿಯ ಪದ್ಧತಿ. ವಿಲಿಯಂನಿಗೆ ಆಶ್ರಯವಿತ್ತವಳು ಆನ್ ಟೈಸನ್ ಎಂಬ ವೃದ್ಧೆ. ತಾಯಿಯಿಲ್ಲದ ಬಾಲಕನನ್ನು ಅವಳು ಮಗನಂತೆ ಸಲಹಿದಳು. ಪಾಠದ ವೇಳೆ ಮುಗಿದ ಮೇಲೆ ಅವನಿಗೆ ತಡೆಯೆಂಬುದಿರಲಿಲ್ಲ. ಬೆಳಗಿನ ಪಾಠಕ್ಕೆ ಮೊದಲೇ ಗೆಳೆಯನೊಡನೆ ಎಸ್ತ್‌ವೇಟ್ ಸರೋವರವನ್ನು ಸುತ್ತಿ ಐದು ಮೈಲಿ ನಡೆದು ಬರುತ್ತಿದ್ದನು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಜಾರುತ್ತಿದ್ದನು.

1783ರ ಕ್ರಿಸ್ಮಸ್ ರಜೆಯ ಮುನ್ನ, ಮನೆಗೆ ಕರೆದೊಯ್ಯುವ ಕುದುರೆಗಳು ಯಾವ ದಾರಿಯಿಂದ ಬರುವುವೋ ಎಂದು ಅವನು ಬಂಡೆಯೊಂದನ್ನೇರಿ ಮಂಜಿನಲ್ಲಿ ಕಾದು ಕುಳಿತಿದ್ದನು. ಮನೆಗೆ ಹೋದ ಕೆಲವೇ ದಿನಗಳಲ್ಲಿ ತಂದೆ ತೀರಿಕೊಂಡನು. ತಂದೆ ದುಡಿದದ್ದು ಸರ್ ಜೇಮ್ಸ್ ಲೌದರ್ ಎಂಬ ಜಮೀನ್ದಾರನ ವಕೀಲನಾಗಿ. ಅವನಿಂದ ಬರಬೇಕಾಗಿದ್ದ ದೊಡ್ಡ ಮೊತ್ತ ಆ ಜಮೀನ್ದಾರನು 1802ರಲ್ಲಿ ಸತ್ತ ನಂತರವಷ್ಟೇ ಅನಾಥ ಮಕ್ಕಳ ಕೈಸೇರಿತು. ನಿರ್ಗತಿಕತೆಯ ಆ ದಿನಗಳಲ್ಲಿ ಬಾಲಕನಿಗೆ ಆಸರೆಯಾದವರು ಮುಖ್ಯೋಪಾಧ್ಯಾಯ ವಿಲಿಯಂ ಟೇಲರ್. ಕಾವ್ಯಪ್ರಿಯರಾದ ಅವರು ತಮ್ಮಲ್ಲಿದ್ದ ಅಭಿರುಚಿಯನ್ನು ಶಿಷ್ಯನಲ್ಲಿಯೂ ಬಿತ್ತಿದರು. 1786ರಲ್ಲಿ ಇನ್ನೂ ತರುಣರಾಗಿರುವಾಗಲೇ ಗತಿಸಿದರು. ಎಂಟು ವರ್ಷಗಳ ತರುವಾಯ ಕಾರ್ಟ್‌ಮೆಲ್‌ನಲ್ಲಿದ್ದ ಅವರ ಸಮಾಧಿಯನ್ನು ಹುಡುಕಿಕೊಂಡು ಹೋಗಿ ಶಿಷ್ಯನು ಕಣ್ಣೀರಿಟ್ಟನು.

ಕೇಂಬ್ರಿಜ್ ವಿಶ್ವವಿದ್ಯಾಲಯವು ವರ್ಡ್ಸ್‌ವರ್ತ್‌ನ ಮನಸ್ಸನ್ನು ಗೆಲ್ಲಲಿಲ್ಲ. ಪರೀಕ್ಷೆಗೆ ಸಿದ್ಧನಾಗಬೇಕಾಗಿದ್ದ 1790ರ ಬೇಸಿಗೆಯಲ್ಲಿ ರಾಬರ್ಟ್ ಜೋನ್ಸ್ ಎಂಬ ಗೆಳೆಯನೊಡನೆ ಫ್ರಾನ್ಸನ್ನು ಹಾದು ಆಲ್ಪ್ಸ್ ಪರ್ವತಗಳವರೆಗೆ ಕಾಲ್ನಡಿಗೆಯಲ್ಲಿ ಹೊರಟನು. ಪದವಿ ಪಡೆದರೂ ವೃತ್ತಿಯೊಂದನ್ನು ಹಿಡಿಯಲಿಲ್ಲ. 1795ರಲ್ಲಿ ಮೃತನಾದ ರೈಸ್ಲಿ ಕಾಲ್ವರ್ಟ್ ಎಂಬ ಮಿತ್ರನು ಅವನ ಪ್ರತಿಭೆಯಲ್ಲಿ ನಂಬಿಕೆಯಿಟ್ಟು 900 ಪೌಂಡುಗಳನ್ನು ಬಿಟ್ಟು ಹೋದನು. ಆ ಒಂದು ದಾನವಿಲ್ಲದಿದ್ದರೆ ಕವಿಯು ಯಾವುದೋ ಕಚೇರಿಯಲ್ಲಿ ಕಳೆದುಹೋಗುತ್ತಿದ್ದನೋ ಏನೋ. 1798ರಲ್ಲಿ ಕೋಲ್‌ರಿಜ್‌ನೊಡಗೂಡಿ ಪ್ರಕಟಿಸಿದ ಕವನಸಂಗ್ರಹವು ಇಂಗ್ಲಿಷ್ ಕಾವ್ಯದ ದಿಕ್ಕನ್ನೇ ಬದಲಿಸಿತು.

1799ರ ಡಿಸೆಂಬರಿನಲ್ಲಿ ಅವನು ತಂಗಿ ಡೊರೊತಿಯೊಡನೆ ತನ್ನ ಬೆಟ್ಟಗಳ ನಾಡಿಗೆ ಮರಳಿದನು. ಗ್ರಾಸ್ಮಿಯರ್ ಎಂಬ ಹಳ್ಳಿಯಲ್ಲಿ, ಹಿಂದೆ ಪಾನಗೃಹವಾಗಿದ್ದ ಪುಟ್ಟ ಮನೆಯಲ್ಲಿ ಬಿಡಾರ ಹೂಡಿದನು. ಕುಳಿತು ಬರೆಯುವುದಕ್ಕಿಂತ ನಡೆಯುತ್ತ ರಚಿಸುವುದೇ ಅವನ ಕ್ರಮ. ಮಳೆಯಿರಲಿ ಗಾಳಿಯಿರಲಿ, ತೋಟದ ಕಾಲುದಾರಿಯಲ್ಲಿಯೋ ಕೆರೆಯ ಏರಿಯಂಥ ದಂಡೆಯಲ್ಲಿಯೋ ಹಿಂದಕ್ಕೂ ಮುಂದಕ್ಕೂ ಅಡ್ಡಾಡುತ್ತ ಸಾಲುಗಳನ್ನು ಹೊಂದಿಸುತ್ತಿದ್ದನು. ಅವನು ಜೀವಮಾನದಲ್ಲಿ 1,75,000 ಮೈಲಿಗೂ ಮೇಲೆ ನಡೆದಿರಬೇಕೆಂದು ಸಮಕಾಲೀನ ಲೇಖಕ ಡಿ ಕ್ವಿನ್ಸಿ ಲೆಕ್ಕ ಹಾಕಿದ್ದಾನೆ.

ನಮ್ಮ ಕಾಲೇಜುಗಳಲ್ಲಿ ತಲೆಮಾರುಗಳಿಂದ ಬೋಧಿಸುತ್ತ ಬಂದಿರುವ ಡ್ಯಾಫೊಡಿಲ್ ಹೂಗಳ ಕವನವೂ ನಡಿಗೆಯ ಫಲವೇ. 1802ರ ಏಪ್ರಿಲ್ 15ರಂದು ಬಿರುಗಾಳಿಯಲ್ಲಿ ಅಲ್ಸ್‌ವಾಟರ್ ಸರೋವರದ ದಡದಲ್ಲಿ ಅಣ್ಣತಂಗಿಯರು ಆ ಹೂಗಳ ಸಾಲನ್ನು ಕಂಡರು. ಡೊರೊತಿ ದಿನಚರಿಯಲ್ಲಿ ಅದನ್ನು ವಿವರವಾಗಿ ಬರೆದಿಟ್ಟಳು. ಕವನ ಹುಟ್ಟಿದ್ದು ಎರಡು ವರ್ಷದ ಬಳಿಕ. ಅದರೊಳಗಿನ ಎರಡು ಸಾಲುಗಳು ಪತ್ನಿ ಮೇರಿಯವು. ಕವನದಲ್ಲಿ ನಡೆಯುವವನು ಒಂಟಿಗ. ನಿಜವಾದ ದಾರಿಯಲ್ಲಿ ಅವನು ಒಂಟಿಯಾಗಿರಲಿಲ್ಲ.

ದುಃಖಗಳೂ ಬೆನ್ನಟ್ಟಿ ಬಂದವು. 1805ರಲ್ಲಿ ನಾವಿಕನಾಗಿದ್ದ ತಮ್ಮ ಜಾನ್ ಹಡಗು ಮುಳುಗಿ ಮಡಿದನು. 1812ರ ಒಂದೇ ವರ್ಷದಲ್ಲಿ ಕ್ಯಾಥರೀನ್, ಥಾಮಸ್ ಎಂಬ ಇಬ್ಬರು ಮಕ್ಕಳು ಕಣ್ಮರೆಯಾದರು. ಮನೆಯೆದುರಿಗೇ ಮಕ್ಕಳ ಗೋರಿಗಳನ್ನು ನೋಡುತ್ತ ಬಾಳಲಾರದೆ 1813ರಲ್ಲಿ ಕುಟುಂಬವು ಹತ್ತಿರದ ರೈಡಲ್ ಮೌಂಟ್ ಎಂಬ ಮನೆಗೆ ಹೋಯಿತು. ಕವಿಯ ಉಳಿದ ಬಾಳೆಲ್ಲ ಅಲ್ಲಿಯೇ ಕಳೆಯಿತು.

ಕವಿಯ ಗದ್ಯಕೃತಿಗಳಲ್ಲಿ ಹೆಚ್ಚು ಜನ ಓದಿದ್ದು ಆ ಸೀಮೆಯ ಪ್ರವಾಸಕ್ಕೆ ಅವನು ಬರೆದ ಕೈಪಿಡಿಯನ್ನು. 1810ರಲ್ಲಿ ಚಿತ್ರಸಂಪುಟವೊಂದಕ್ಕೆ ಹೆಸರಿಲ್ಲದ ಪೀಠಿಕೆಯಾಗಿ ಹೊರಬಂದು, ಬೆಳೆಯುತ್ತ 1835ರಲ್ಲಿ ಐದನೆಯ ಮುದ್ರಣ ಕಂಡಿತು. ಬೆಟ್ಟದ ನಡುವೆ ನಿಂತವನಿಗೆ ಕಣಿವೆಗಳು ಚಕ್ರದ ಅರೆಕಾಲುಗಳಂತೆ ಸುತ್ತಲೂ ಹರಡಿರುವುದನ್ನು ಅದರಲ್ಲಿ ಕಣ್ಣಿಗೆ ಕಟ್ಟುವಂತೆ ತೋರಿಸಿದ್ದಾನೆ. ಯಾವ ತಿಂಗಳುಗಳಲ್ಲಿ ಬರುವುದು ಲೇಸು, ಸುಣ್ಣ ಬಳಿದ ಹೊಸ ಮನೆಗಳು ಬೆಟ್ಟದ ಚೆಲುವನ್ನು ಹೇಗೆ ಕೆಡಿಸುತ್ತವೆ ಎಂಬುದನ್ನು ತಿಳಿಹೇಳಿದ್ದಾನೆ. ನೋಡುವ ಕಣ್ಣು, ಆನಂದಿಸುವ ಹೃದಯ ಉಳ್ಳ ಪ್ರತಿಯೊಬ್ಬನಿಗೂ ಈ ಸೀಮೆಯಲ್ಲಿ ಹಕ್ಕುಂಟು, ಇದು ಇಡೀ ರಾಷ್ಟ್ರದ ಒಂದು ಬಗೆಯ ಆಸ್ತಿ ಎಂಬ ಅಭಿಪ್ರಾಯವೂ ಅಲ್ಲಿದೆ.

ಹೀಗೆ ಬಾಗಿಲು ತೆರೆದವನೇ ಮುಂದೆ ಬಾಗಿಲಿಗೆ ಅಡ್ಡ ನಿಂತನು. 1844ರಲ್ಲಿ ಕೆಂಡಲ್‌ನಿಂದ ವಿಂಡರ್‌ಮಿಯರ್‌ವರೆಗೆ ರೈಲುಮಾರ್ಗದ ಯೋಜನೆಯಾದಾಗ, ರಾಷ್ಟ್ರದ ಆಸ್ಥಾನಕವಿಯಾಗಿದ್ದ ಎಪ್ಪತ್ತನಾಲ್ಕರ ವೃದ್ಧನು ಪತ್ರಿಕೆಗಳಲ್ಲಿ ಅದನ್ನು ಪ್ರತಿಭಟಿಸಿದನು. ಕೈಗಾರಿಕಾ ಪಟ್ಟಣಗಳಿಂದ ಗುಂಪುಗುಂಪಾಗಿ ಬಂದಿಳಿಯುವ ಕೂಲಿಜನರಿಗೆ ಇಂಥ ದೃಶ್ಯಗಳಿಂದ ಪ್ರಯೋಜನವಾಗದು, ನಾಡಿನ ಶಾಂತಿಯಷ್ಟೇ ಕೆಡುವುದು ಎಂಬುದು ಅವನ ವಾದ. ಏಕಾಂತದ ಬೆಲೆಯನ್ನು ಅವನು ಅರಿತಿದ್ದನು, ನಿಜ. ಆದರೆ ವಾರಕ್ಕೊಂದೇ ಬಿಡುವಿನ ದಿನವಿರುವ ಗಿರಣಿಯ ಕಾರ್ಮಿಕನು ಅಷ್ಟು ದೂರ ನಡೆದು ಬರುವುದೆಂತು ಎಂಬುದನ್ನು ಆಲೋಚಿಸಲಿಲ್ಲ. ಬಡಹಳ್ಳಿಗರ ಬಾಳನ್ನು ಕಾವ್ಯಕ್ಕೆ ತಂದ ಕವಿಯಲ್ಲಿ ಇದೊಂದು ಕೊರತೆಯೆಂದೇ ಹೇಳಬೇಕು. 1847ರಲ್ಲಿ ರೈಲು ವಿಂಡರ್‌ಮಿಯರ್‌ಗೆ ಬಂದಿತು. ಅಲ್ಲಿಂದ ಮುಂದಕ್ಕೆ ಬೆಟ್ಟದೊಳಕ್ಕೆ ಹೋಗಲಿಲ್ಲ.

ಅದೇ ವರ್ಷ ಪ್ರೀತಿಯ ಮಗಳು ಡೋರಾ ತೀರಿಕೊಂಡಳು. ಎಪ್ಪತ್ತರ ವಯಸ್ಸಿನಲ್ಲಿಯೂ ಹೆಲ್ವೆಲಿನ್ ಶಿಖರವನ್ನೇರಿದ್ದ ಕವಿ ಆ ಪೆಟ್ಟಿನಿಂದ ಚೇತರಿಸಿಕೊಳ್ಳಲಿಲ್ಲ. 1850ರ ಏಪ್ರಿಲ್ 23ರಂದು ದೇಹವಿಟ್ಟನು. ಗ್ರಾಸ್ಮಿಯರ್ ಚರ್ಚಿನ ಅಂಗಳದಲ್ಲಿ ಮಕ್ಕಳ ಬಳಿಯಲ್ಲಿಯೇ ಅವನ ಸಮಾಧಿಯಿದೆ. ಶಾಲೆಯ ದಿನಗಳನ್ನೂ ಗುರುವಿನ ಸಮಾಧಿಯನ್ನೂ ನೆನೆಯುವ ಆತ್ಮಕಥನಕಾವ್ಯವು ಅದೇ ವರ್ಷ, ಕವಿಯ ಮರಣಾನಂತರ, ಪ್ರಕಟವಾಯಿತು.

ಕವಿಯ ಎರಡು ಅಭಿಪ್ರಾಯಗಳಲ್ಲಿ ಕಾಲವು ಮೊದಲನೆಯದನ್ನೇ ಎತ್ತಿಹಿಡಿಯಿತು. ಆ ಸೀಮೆಯ ಪಾದ್ರಿ ಹಾರ್ಡ್‌ವಿಕ್ ರಾನ್ಸ್‌ಲಿ, ಆಕ್ಟೇವಿಯಾ ಹಿಲ್, ರಾಬರ್ಟ್ ಹಂಟರ್ ಈ ಮೂವರು 1895ರಲ್ಲಿ ನ್ಯಾಷನಲ್ ಟ್ರಸ್ಟ್ ಸ್ಥಾಪಿಸಿದರು. ದಾನಿಗಳು ಕೊಟ್ಟ ಬೆಟ್ಟ, ಹೊಲ, ಮನೆಗಳನ್ನು ಅದು ಸಕಲರಿಗಾಗಿ ಕಾಯುತ್ತ ಬಂದಿದೆ. ನಾವು ದಾಸೋಹವೆಂದು ಕರೆಯುವ ಭಾವಕ್ಕೆ ಇದು ದೂರದ್ದಲ್ಲ. 1951ರಲ್ಲಿ ಸೀಮೆಯು ರಾಷ್ಟ್ರೀಯ ಉದ್ಯಾನವಾಯಿತು. 2017ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಹಾಕ್ಸ್‌ಹೆಡ್ ಶಾಲೆ 1909ರಲ್ಲಿ ಮುಚ್ಚಿಹೋಯಿತು. ಕಟ್ಟಡ ಮಾತ್ರ ಉಳಿದಿದೆ. ಒಳಗಿನ ಹಳೆಯ ಮೇಜೊಂದರ ಮೇಲೆ ವರ್ಡ್ಸ್‌ವರ್ತ್‌ನ ಹೆಸರು ಚಾಕುವಿನಿಂದ ಕೊರೆದಿರುವುದನ್ನು ಯಾತ್ರಿಕರಿಗೆ ಇಂದಿಗೂ ತೋರಿಸುತ್ತಾರೆ. ಶಾಲೆಯೊಂದನ್ನು ಕಟ್ಟಿದ ದಾನಿಯನ್ನೂ ಅದರಲ್ಲಿ ಪಾಠ ಹೇಳಿದ ಗುರುವನ್ನೂ ಜನರು ಮರೆಯಬಹುದು. ಆದರೆ ಅವರು ಬಿತ್ತಿದ್ದು ಯಾವ ಹುಡುಗನ ಎದೆಯಲ್ಲಿ ಎಂದು ಮೊಳೆಯುವುದೆಂಬುದನ್ನು ಬಲ್ಲವರಾರು? ಸ್ಯಾಂಡಿಸ್ ಶಾಲೆ ಕಟ್ಟಿದನು. ಇನ್ನೂರು ವರ್ಷಗಳ ಮೇಲೆ ಅದರ ಫಲ ಕಂಡಿತು. ವಿದ್ಯಾದಾನದಲ್ಲಿ ತೊಡಗಿದವರೆಲ್ಲರಿಗೂ ಈ ಕವಿಯ ಬಾಳು ಆ ಭರವಸೆಯನ್ನು ನೀಡಲಿ.